ಇದ್ದೀರಾ ದಿಣ್ಣೆ

ಹಿರೇಗೊಂದಿಯಿಂದ ಉಪ್ಪುಹಳ್ಳದ ಕಡೆಗೆ ಹೋಗುವ ಹಳೆಯ ರಸ್ತೆ ಮುಗಿಯುವಲ್ಲಿ ಎಡಕ್ಕೆ ಒಂದು ಕಲ್ಲುದಿಣ್ಣೆಯಿದೆ. ಬ್ರಿಟಿಷರ ಕಾಲದಲ್ಲಿ ಪಲ್ಟನ್ನು ಬೀಡುಬಿಟ್ಟಿದ್ದ ಜಾಗವಾದ್ದರಿಂದ ಆ ಕಡೆಯನ್ನೆಲ್ಲ ಇಂದಿಗೂ ದಂಡು ಎಂದೇ ಕರೆಯುತ್ತಾರೆ. ದಿಣ್ಣೆಯ ನೆತ್ತಿಯ ಮೇಲೆ ಒಂದು ಉದ್ದನೆಯ ಕಟ್ಟಡ. ಒರಟು ಕಲ್ಲಿನ ಗೋಡೆ, ನಾಡಹೆಂಚಿನ ಮಾಡು. ದೂರದಿಂದ ನೋಡಿದವರು ದವಸದ ಉಗ್ರಾಣವೆಂದುಕೊಳ್ಳುತ್ತಾರೆ. ಶಿಲುಬೆಯಿಲ್ಲ, ಗೋಪುರವಿಲ್ಲ, ಗಂಟೆಯಿಲ್ಲ. ಒಳಗೆ ಮೂರ್ತಿಯೂ ಇಲ್ಲ, ಪಟವೂ ಇಲ್ಲ. ಬಾಗಿಲವಾಡದ ಮೇಲಿನ ಕಲ್ಲಿನಲ್ಲಿ ‘ದೇವರು ಒಬ್ಬನೇ’ ಎಂದು ಹಳೆಯ ಅಕ್ಷರಗಳಲ್ಲಿ ಕೊರೆದಿದೆ. ಕ್ರೈಸ್ತರಲ್ಲಿ ಯೂನಿಟೇರಿಯನ್ ಎಂಬ ಸಣ್ಣ ಪಂಗಡದವರು ಕಟ್ಟಿಕೊಂಡ ಪ್ರಾರ್ಥನಾ ಮಂದಿರ ಅದು. ಊರಿನವರು ಅವರನ್ನು ಏಕದೇವ ಸಭೆಯವರು ಎನ್ನುತ್ತಿದ್ದರು. ಈಗ ಆ ಸಭೆಯ ಮನೆ ಊರಿನಲ್ಲಿ ಒಂದೂ ಉಳಿದಿಲ್ಲ.

ಹತ್ತಿರ ಹೋದವರಿಗೆ ಕೆಲವು ಸಂಗತಿಗಳು ವಿಚಿತ್ರವಾಗಿ ಕಾಣುತ್ತವೆ. ಕಲ್ಲಿನ ಬಾಗಿಲವಾಡವಿದೆ, ಅದರಲ್ಲಿ ತುಕ್ಕು ಹಿಡಿದ ದಪ್ಪ ಕೀಲುಗಳಿವೆ, ಬಾಗಿಲು ಮಾತ್ರ ಇಲ್ಲ. ಅದು ಕಟ್ಟಡದ ಮೂಡಣಕ್ಕೆ, ತಪಸಿ ಮರದ ಕೆಳಗೆ, ಗೋರಿಗಳ ನಡುವೆ ನೆಲದ ಮೇಲೆ ಮಲಗಿದೆ. ಬಡಗಣ ಗೋಡೆಯ ಕಿಟಕಿಗೆ ಸರಳುಗಳಿಲ್ಲ. ಒಳಗೂ ಹೊರಗೂ ಕಲ್ಲಿನ ಮೆಟ್ಟಿಲು ಕಟ್ಟಿದ್ದಾರೆ. ಹೊಸ್ತಿಲ ಕಲ್ಲು ಸವೆದು ನಡುವೆ ಬೋಗುಣಿಯಂತೆ ಕುಳಿಬಿದ್ದಿದೆ. ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ದಿನವೂ ನೂರಾರು ಜನ ತುಳಿಯುತ್ತಾರೆ, ಅದೂ ಇಷ್ಟು ಸವೆದಿಲ್ಲ. ಏಕದೇವ ಸಭೆಯಾದರೋ ಅದರ ಒಳ್ಳೆಯ ಕಾಲದಲ್ಲೂ ಹತ್ತು ಮನೆ ಮೀರಿರಲಿಲ್ಲ. ಇಷ್ಟು ಗಟ್ಟಿ ಕಲ್ಲು ಅಷ್ಟು ಕಡಿಮೆ ಕಾಲುಗಳಿಗೆ ಹೇಗೆ ಸವೆಯಿತು ಎಂದು ಕೇಳಿದರೆ ಊರಿನವರು ನೇರ ಉತ್ತರ ಕೊಡುವುದಿಲ್ಲ.

ಸರ್ವೆ ನಕಾಶೆಯಲ್ಲಿ ಇದರ ಹೆಸರು ದಂಡಿನ ದಿಣ್ಣೆ. ಆ ಹೆಸರು ಹೇಳಿ ಕೇಳಿದರೆ ದಾರಿ ತೋರಿಸುವವರಿಲ್ಲ. ಜನರ ಬಾಯಲ್ಲಿ ಇದು ಇದ್ದೀರಾ ದಿಣ್ಣೆ. ಬಸ್ಸಿನ ಕಂಡಕ್ಟರು ‘ಇದ್ದೀರಾ, ಇದ್ದೀರಾ’ ಎಂದು ನಿಲ್ದಾಣದ ಹೆಸರು ಕೂಗಿದಾಗ ಹೊಸಬರು ನಕ್ಕು ‘ಇದ್ದೀವಪ್ಪಾ, ಇಲ್ಲೇ ಇದ್ದೀವಿ’ ಎನ್ನುವುದುಂಟು. ಆಗ ಪಕ್ಕದಲ್ಲಿ ಕುಳಿತ ಮುದುಕಿಯರು ಅವರ ಮೊಣಕೈ ಹಿಡಿದು ‘ಹಾಗೆಲ್ಲ ಓಗೊಡಬಾರದು, ಸುಮ್ಮನಿರಿ’ ಎಂದು ಗದರುತ್ತಾರೆ. ದಿಣ್ಣೆಯ ಸುತ್ತ ಕುರಿ ಮೇಯಿಸುವವರು ಎಂಥ ಮಳೆ ಬಂದರೂ ಬಾಗಿಲಿಲ್ಲದ ಆ ಕಟ್ಟಡದೊಳಗೆ ಕುರಿಗಳನ್ನು ಹೊಡೆಯುವುದಿಲ್ಲ. ಯಾಕೆಂದು ಕೇಳಿದರೆ ‘ಒಳಗೆ ಜಾಗ ಎಲ್ಲೈತೆ ಸಾಮಿ?’ ಎನ್ನುತ್ತಾರೆ. ಒಳಗೆ ಇಣುಕಿದರೆ ಖಾಲಿ ಬೆಂಚುಗಳು ಸಾಲಾಗಿ ಕಾಣುತ್ತವೆ.

ಹಿಂದೆ ಒಮ್ಮೆ, ದಂಡಿನಲ್ಲಿ ಇನ್ನೂ ಕಹಳೆ ಊದುತ್ತಿದ್ದ ಕಾಲದಲ್ಲಿ, ಪಲ್ಟನ್ನಿನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಾಸಿಲಾಮಣಿ ಎಂಬ ಮೇಷ್ಟ್ರು ಇದ್ದರು. ತಮಿಳು ಸೀಮೆಯಿಂದ ಬಂದವರು. ಓದುವ ಚಟದವರು. ಓದುತ್ತ ಓದುತ್ತ ಅವರಿಗೆ ದೇವರು ಮೂವರಲ್ಲ, ಒಬ್ಬನೇ, ಯೇಸು ದೇವರಲ್ಲ, ಬಹಳ ದೊಡ್ಡ ಗುರು ಎಂದು ಮನಸ್ಸಿಗೆ ಗಟ್ಟಿಯಾಯಿತಂತೆ. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ದಂಡಿನ ಚರ್ಚಿನಲ್ಲಿ ಎದ್ದುನಿಂತು ಹೇಳಿಬಿಟ್ಟರು. ಅವರನ್ನು ಹೊರಗೆ ಹಾಕಿದರು. ಹಿಂದೆಯೇ ಕೆಲವು ಮನೆಗಳೂ ಹೊರಬಂದವು: ದರ್ಜಿಗಳು, ಬೇಕರಿಯವರು, ಬ್ಯಾಂಡಿನಲ್ಲಿ ಡೋಲು ಬಾರಿಸುವವರು. ಪಲ್ಟನ್ನು ಕೆಡವಿದ ಹಳೆಯ ಬ್ಯಾರಕ್ಕಿನ ಕಲ್ಲುಗಳನ್ನು ಹೊತ್ತು ತಂದು ಅವರೇ ದಿಣ್ಣೆಯ ಮೇಲೆ ಈ ಮಂದಿರ ಕಟ್ಟಿಕೊಂಡರು. ಬಾಗಿಲು ಮದ್ದಿನ ಮನೆಯದು. ಸಿಡಿಮದ್ದು ಇಡುವ ಮನೆಗೆ ಮಾಡಿಸಿದ್ದರಿಂದ ತೇಗದ ದಪ್ಪ ಹಲಗೆಗೆ ಕಬ್ಬಿಣದ ಪಟ್ಟಿ ಬಡಿದಿದ್ದರು. ಒಮ್ಮೆ ಹಾಕಿದರೆ ಗಾಳಿಯೂ ನುಸುಳುತ್ತಿರಲಿಲ್ಲ.

ಸಭೆಯಲ್ಲಿ ಮೊದಲ ಸಾವಾದಾಗ ದಂಡಿನ ಸ್ಮಶಾನದವರು ಹೆಣವನ್ನು ಒಳಗೆ ಬಿಡಲಿಲ್ಲ. ಮೇಷ್ಟ್ರು ಮಂದಿರದ ಮಗ್ಗುಲಲ್ಲೇ ಗುಂಡಿ ತೋಡಿಸಿದರು. ಬಾಗಿಲಲ್ಲಿ ನಿಲ್ಲಿಸಿಕೊಂಡವರ ಸಂಕಟ ನಮಗೆ ಗೊತ್ತು, ಈ ನೆಲ ಯಾರನ್ನೂ ಬೇಡ ಅನ್ನಬಾರದು ಎಂದರು. ಅದೇ ಮಳೆಗಾಲದಲ್ಲಿ ಮತ್ತೊಂದು ಘಟನೆ ನಡೆಯಿತು. ಯಾವನೋ ರೋಗಿಷ್ಠ ದಾರಿಹೋಕ ಪ್ರಾರ್ಥನೆ ಕೇಳುತ್ತ ಗೋಡೆಗೆ ಒರಗಿ ಮಳೆಯಲ್ಲಿ ನಿಂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ, ಕರೆಯಬೇಕೆಂದು ಒಳಗಿದ್ದವರಿಗೆ ಗೊತ್ತಿರಲಿಲ್ಲ. ಮರುದಿನ ಅವನು ಅಲ್ಲೇ ಸತ್ತುಬಿದ್ದಿದ್ದ. ಅಂದಿನಿಂದ ಮೇಷ್ಟ್ರು ಒಂದು ನೇಮ ಮಾಡಿದರು. ಪ್ರಾರ್ಥನೆಗೆ ಬಾಗಿಲು ಹಾಕುವ ಮುಂಚೆ ಬಾಗಿಲು ಕಾಯುವವರು ಹೊಸ್ತಿಲ ಮೇಲೆ ನಿಂತು ‘ಇನ್ನೂ ಯಾರಾದರೂ ಇದ್ದೀರಾ?’ ಎಂದು ಗಟ್ಟಿಯಾಗಿ ಕೇಳಬೇಕು. ಒಂದು ಉಸಿರು ತೆಗೆದು ಬಿಡುವಷ್ಟು ಹೊತ್ತು ಕಾಯಬೇಕು. ಯಾರಾದರೂ ‘ಇದ್ದೀನಿ’ ಎಂದರೆ, ಅವರು ಯಾರೇ ಆಗಿರಲಿ, ಅವರು ಒಳಗೆ ಬಂದು ಕೂರುವವರೆಗೆ ಬಾಗಿಲು ಹಾಕಬಾರದು.

ಬಾಗಿಲು ಕಾಯುವ ಕೆಲಸ ಕರುಣಮ್ಮನದು. ದಂಡಿನ ಬೇಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಸಭೆಯೇ ಅವಳಿಗೆ ಈ ಕೆಲಸ ವಹಿಸಿತ್ತು. ಅವಳಿಗಿದ್ದದ್ದು ಒಬ್ಬಳೇ ಮಗಳು, ತಬಿತ. ಚಿಕ್ಕವಳಿದ್ದಾಗ ಬೇಕರಿ ಭಟ್ಟಿಯ ಕಬ್ಬಿಣದ ಮುಚ್ಚಳ ಬಿದ್ದು ಎಡಗೈಯ ಉಂಗುರಬೆರಳಿನ ತುದಿ ಹೋಗಿತ್ತು. ಮಾತಿನಲ್ಲಿ ಮಾತ್ರ ಯಾರಿಗೂ ಕಡಿಮೆಯಿರಲಿಲ್ಲ. ಒಂದು ಅಭ್ಯಾಸವಿತ್ತು ಅವಳಿಗೆ: ಸಭೆಯಲ್ಲಿ ಬ್ರೆಡ್ಡು ಹಂಚಿದ ದಿನ ಎಲ್ಲರಿಗೂ ಕೊಟ್ಟು ಕೊನೆಗೆ ತಾನು ತಿನ್ನುತ್ತಿದ್ದಳು. ಎಷ್ಟೋ ಸಲ ಅವಳ ಪಾಲಿಗೆ ಪುಡಿ ಮಾತ್ರ ಉಳಿಯುತ್ತಿತ್ತು. ಕರುಣಮ್ಮ ಬಯ್ಯುತ್ತಿದ್ದಳು, ಅವಳು ನಗುತ್ತಿದ್ದಳು.

ಆ ವರ್ಷ ಹಿರೇಗೊಂದಿಯಲ್ಲಿ ಇಲಿಗಳು ಸತ್ತು ಬಿದ್ದವು. ವಾರ ಕಳೆಯುವುದರೊಳಗೆ ಜನರ ಕಂಕುಳಲ್ಲಿ ಗಡ್ಡೆ ಏಳತೊಡಗಿತು. ಪ್ಲೇಗು ಬಂತೆಂದು ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಸರ್ಕಾರದ ಆಳುಗಳು ಬಂದು ಬಿಸಿಲು ಬೀಳಲೆಂದು ಮನೆಗಳ ಹೆಂಚು ಇಳಿಸಿದರು, ಬಾಗಿಲುಗಳನ್ನು ತೆರೆದೇ ಬಿಟ್ಟರು. ಹಾಡುಹಗಲಲ್ಲಿ ಪೇಟೆ ಬೀದಿಯಲ್ಲಿ ನಡೆದರೆ ಎರಡೂ ಕಡೆ ಮಾಡಿಲ್ಲದ ಮನೆಗಳು ಬಾಯಿ ತೆರೆದುಕೊಂಡು ನಿಂತಿರುತ್ತಿದ್ದವಂತೆ. ಗಡ್ಡೆ ಎದ್ದವರನ್ನು ಉಪ್ಪುಹಳ್ಳದ ಆಚೆ ತಟ್ಟಿ ಕಟ್ಟಿ ಮಾಡಿದ ಕ್ಯಾಂಪಿಗೆ ಸಾಗಿಸುತ್ತಿದ್ದರು. ಅಲ್ಲಿ ಸತ್ತವರನ್ನು ಅವರವರ ಮಂದಿಗೆ ಕೊಡುತ್ತಿರಲಿಲ್ಲ. ಕ್ಯಾಂಪಿನ ಹಿಂದೆ ತೋಡಿದ ಗುಂಡಿಗೆ ಹಾಕಿ ಮೇಲೆ ಸುಣ್ಣ ಸುರಿಯುತ್ತಿದ್ದರು.

ಆ ಕ್ಯಾಂಪಿನಲ್ಲಿ ಬಾಯಿಗೆ ನೀರು ಬಿಡುವವರೂ ಇಲ್ಲ ಎಂಬ ಸುದ್ದಿ ದಿಣ್ಣೆಗೆ ಬಂತು. ತಬಿತ ತಾಮ್ರದ ಚೊಂಬು ಹಿಡಿದು ಹೊರಟಳು.

‘ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನೋಡಿದ್ದೀಯೇನೇ?’ ಕರುಣಮ್ಮ ದಾರಿಗೆ ಅಡ್ಡ ನಿಂತಳು.

‘ನೀರು ಸಿಕ್ಕಿದರೆ ಒಬ್ಬಿಬ್ಬರಾದರೂ ಬರ್ತಾರಮ್ಮ.’

‘ಊರಲ್ಲಿ ಇಷ್ಟು ಜನ ಇದ್ದಾರೆ. ನಿನಗೇ ಯಾಕೆ ಬೇಕು ಈ ಉಸಾಬರಿ?’

‘ವಾರವಾರ ಬಾಗಿಲಲ್ಲಿ ನಿಂತು ಯಾರಾದರೂ ಇದ್ದೀರಾ ಅಂತ ಕೂಗ್ತೀಯಲ್ಲ, ಅವರೆಲ್ಲ ಅಲ್ಲಿದ್ದಾರೆ. ಕೂಗೋದು ನಿನ್ನ ಕೆಲಸ, ಹೋಗಿ ನೋಡೋದು ನನ್ನ ಕೆಲಸ ಅಂದುಕೋ.’

‘ನಿಮ್ಮಪ್ಪನ ನಾಲಿಗೆಯೇ ನಿನಗೂ ಬಂದಿದೆ.’

‘ಬರ್ತೀನಮ್ಮ. ಎಲ್ಲರನ್ನೂ ಮುಂದೆ ಕಳಿಸಿ ಕೊನೆಗೆ ಬರ್ತೀನಿ. ಅಷ್ಟರಲ್ಲಿ ಬಾಗಿಲು ಹಾಕಿಬಿಟ್ಟೀಯ, ಹುಷಾರು!’ ಎಂದು ನಗುತ್ತ ದಿಣ್ಣೆ ಇಳಿದಳು.

ಆಮೇಲೆ ಕರುಣಮ್ಮನಿಗೆ ಉಳಿದದ್ದು ಒಂದೇ ಪ್ರಾರ್ಥನೆ. ಮಗಳು ಬದುಕಿ ಬರಲಿ. ಬದುಕಿ ಬರುವುದು ಅವಳ ಹಣೆಯಲ್ಲಿ ಇಲ್ಲದಿದ್ದರೆ ಆ ಸುಣ್ಣದ ಗುಂಡಿಯಲ್ಲಿ ಮಾತ್ರ ಉಳಿಯದಿರಲಿ, ನಮ್ಮ ದಿಣ್ಣೆಗೆ ಬರಲಿ. ಮಂದಿರದ ಹೊಸ್ತಿಲಿನಿಂದ ಹಳ್ಳದ ಆಚೆಯ ಕ್ಯಾಂಪು ಕಾಣುತ್ತಿತ್ತು. ಅವಳು ಹಗಲೆಲ್ಲ ಆ ಹೊಸ್ತಿಲ ಮೇಲೆಯೇ ಕೂತಿರುತ್ತಿದ್ದಳು. ತಟ್ಟಿಗಳ ನಡುವೆ ಓಡಾಡುವ ಒಂದು ಚುಕ್ಕೆಯನ್ನು ನೋಡಿ ಅದೇ ತಬಿತ ಎಂದುಕೊಳ್ಳುತ್ತಿದ್ದಳು.

ಸಭೆಯಲ್ಲೂ ಸಾವು ಶುರುವಾಯಿತು. ವಾರದಿಂದ ವಾರಕ್ಕೆ ಬೆಂಚುಗಳು ಖಾಲಿಯಾದವು. ಒಂದು ಭಾನುವಾರ ಮಾಸಿಲಾಮಣಿ ಮೇಷ್ಟ್ರು ಕರುಣಮ್ಮನನ್ನು ಪಕ್ಕಕ್ಕೆ ಕರೆದರು. ಆ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು. ಎಷ್ಟೋ ಜನರಿಗೆ ಮಣ್ಣು ಹಾಕಿ ಸೋತಿದ್ದರು.

‘ಇವತ್ತಿನಿಂದ ಬಾಗಿಲು ಮೊದಲೇ ಹಾಕಿಬಿಡಮ್ಮ. ಕೇಳೋದು ಬೇಡ.’

‘ನೀವೇ ಮಾಡಿದ ನೇಮ, ಮೇಷ್ಟ್ರೇ.’

‘ಊರು ಚೆನ್ನಾಗಿದ್ದಾಗ ಮಾಡಿದ್ದು. ಈಗ ಕೇಳಿದರೆ ಇದ್ದೀನಿ ಅನ್ನೋನು ಕ್ಯಾಂಪಿಂದ ತಪ್ಪಿಸಿಕೊಂಡು ಬಂದವನೇ ಆಗಿರ್ತಾನೆ. ಅವನನ್ನು ಒಳಗೆ ಬಿಟ್ಟರೆ ಬರೋ ವಾರ ಇಲ್ಲಿ ಕೂರೋಕೆ ಯಾರಿರ್ತಾರೆ?’

‘ದೇವರು ಒಬ್ಬನೇ ಅಂತ ಬಾಗಿಲ ಮೇಲೆ ಕೊರೆಸಿದ್ದೀವಿ,’ ದರ್ಜಿ ಭಾಗ್ಯನಾಥ ನಡುವೆ ಬಾಯಿ ಹಾಕಿದ. ‘ಪಾಪ, ಅವನೊಬ್ಬನೇ ಕೂತಿರ್ತಾನೆ ಅಷ್ಟೆ.’ ಯಾರೂ ನಗಲಿಲ್ಲ. ಭಾಗ್ಯನಾಥ ತುಂಬಾ ದಪ್ಪನೆಯ ಆಳು, ಹೆದರಿದಾಗೆಲ್ಲ ಹಾಸ್ಯ ಮಾಡುತ್ತಿದ್ದ.

ಕರುಣಮ್ಮ ಕೇಳದೆಯೇ ಬಾಗಿಲು ಹಾಕಿದಳು. ಮದ್ದಿನ ಮನೆಯ ಬಾಗಿಲು ಭಾರವಾಗಿ ಕೂತಿತು. ಮಟಮಟ ಮಧ್ಯಾಹ್ನ. ಹೊರಗೆ ಊರಿಲ್ಲ, ಊರಿನ ಸದ್ದಿಲ್ಲ. ಏಕದೇವ ಸಭೆಯವರಿಗೆ ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲದೆ ಕೂರುವ ರೂಢಿಯಿತ್ತು. ಹಾಗೆ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಬಾಗಿಲಲ್ಲಿ ಸದ್ದಾಯಿತು. ತಟ್ಟಿದ ಸದ್ದಲ್ಲ. ಕೆಳಗೆ, ಮೊಣಕಾಲಿನ ಎತ್ತರದಲ್ಲಿ, ಯಾರೋ ಅಂಗೈಯಿಂದ ಹಲಗೆ ಸವರಿದ ಹಾಗೆ. ನಿಂತಿತು. ಮತ್ತೆ ಸವರಿತು.

‘ನಾಯಿ,’ ಎಂದು ಭಾಗ್ಯನಾಥ ಪಿಸುಗುಟ್ಟಿದ.

ಊರು ಖಾಲಿಯಾದ ಮೇಲೆ ನಾಯಿಗಳೂ ಜನರ ಹಿಂದೆ ಹೊಲಗಳಿಗೆ ಹೋಗಿದ್ದವು. ಕರುಣಮ್ಮ ಅಗುಳಿಯ ಮೇಲೆ ಕೈಯಿಟ್ಟು ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಅವಳು ಅಗುಳಿ ಹಿಡಿದುಕೊಂಡೇ ನಿಂತಳು. ಸದ್ದು ಒಮ್ಮೆ ಜೋರಾಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಇಲ್ಲವಾಯಿತು.

ಪ್ರಾರ್ಥನೆ ಮುಗಿದು ಬಾಗಿಲು ತೆಗೆದಾಗ ಹೊರಗೆ ಯಾರೂ ಇರಲಿಲ್ಲ. ಹೊಸ್ತಿಲ ಮುಂದಿನ ಧೂಳಿನಲ್ಲಿ ಹೆಜ್ಜೆಯಿರಲಿಲ್ಲ. ಬಾಗಿಲಿನ ಹೊರಮೈಯಲ್ಲಿ, ಕೆಳಗೆ, ಬೆಳ್ಳಗೆ ಒಂದು ಅಂಗೈ ಅಚ್ಚೊತ್ತಿತ್ತು. ಎಡಗೈ. ಉಂಗುರಬೆರಳು ಗಿಡ್ಡ. ಕರುಣಮ್ಮ ಕುಕ್ಕರಗಾಲಲ್ಲಿ ಕೂತು ಅದರ ಮೇಲೆ ತನ್ನ ಅಂಗೈಯಿಟ್ಟಳು. ಮರ ಬಿಸಿಲಿಗೆ ಕಾದಿತ್ತು, ಅಚ್ಚು ಮಾತ್ರ ತಣ್ಣಗಿತ್ತು. ಬೆರಳಿಗೆ ಸುಣ್ಣ ಹತ್ತಿತು.

ಅವಳು ಎದ್ದು ಯಾರಿಗೂ ಹೇಳದೆ ಹಳ್ಳದ ಕಡೆ ಓಡಿದಳು. ಕ್ಯಾಂಪಿನ ಕಾವಲಿಗೆ ಖಾದರ್ ಸಾಬಿ ಎಂಬ ಮುದುಕ ಇದ್ದ. ಅವಳನ್ನು ದೂರದಿಂದಲೇ ನೋಡಿ ಎದ್ದುನಿಂತ.

‘ನನ್ನ ಮಗಳು ಇವತ್ತು ದಿಣ್ಣೆಗೆ ಬಂದಿದ್ದಳೇ?’

‘ಇವತ್ತಾ?’ ಖಾದರ್ ಸಾಬಿ ತಲೆ ತಗ್ಗಿಸಿದ. ‘ಇಲ್ಲಮ್ಮಾ. ಶುಕ್ರವಾರವೇ ಹೋಗಿಬಿಟ್ಟಳು ಪಾಪ. ನಿಮಗೆ ಯಾರೂ ಹೇಳಲಿಲ್ಲವಾ? ಕೊನೇವರೆಗೂ ಚೊಂಬು ಬಿಡಲಿಲ್ಲ. ಈ ಕೈಯಿಂದಲೇ ನಾನು ಸುಣ್ಣ ಹಾಕಿದೆ.’

‘ಎಲ್ಲಿ?’

ಅವನು ತೋರಿಸಿದ. ಗುಂಡಿ ತುಂಬಿ ಸಮನಾಗಿತ್ತು. ಮೇಲೆ ಸುಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

‘ಯಾರ ಪಕ್ಕದಲ್ಲಿ ಮಲಗಿಸಿದೆಯಪ್ಪಾ?’

‘ಪಕ್ಕ ಅಂತ ಇಲ್ಲಮ್ಮಾ ಅಲ್ಲಿ. ಎಲ್ಲಾ ಒಟ್ಟಿಗೇ.’

ಆ ವಾರ ಕರುಣಮ್ಮ ಅಳಲಿಲ್ಲ ಎನ್ನುತ್ತಾರೆ. ಗುಂಡಿಯನ್ನು ಅಗೆಯಲು ಸರ್ಕಾರ ಬಿಡುವುದಿಲ್ಲ, ಅಗೆದರೂ ಮಗಳೆಂದು ಗುರುತು ಹಿಡಿಯಲು ಏನೂ ಉಳಿದಿರುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಆದರೆ ಮಗಳು ದಿಣ್ಣೆಗೆ ಬಂದಿದ್ದಳು. ಬಾಗಿಲವರೆಗೆ ಬಂದಿದ್ದಳು. ಬಾಗಿಲು ತೆಗೆಯದೆ ನಿಂತವಳು ತಾನೇ. ಮುಂದಿನ ಭಾನುವಾರ ಅವಳು ಮೇಷ್ಟ್ರ ಎದುರು ನಿಂತು, ಇವತ್ತು ಕೇಳುತ್ತೇನೆ ಎಂದಳು. ಮೇಷ್ಟ್ರು ಮೆಲ್ಲಗೆ ಹೇಳಿದರು: ‘ಸತ್ತವರು ದೇವರ ಹತ್ತಿರ ಇರ್ತಾರಮ್ಮ. ಅವರಿಗೆ ನಾವು ಬಾಗಿಲು ತೆಗೆಯಬೇಕಾದ್ದಿಲ್ಲ.’

‘ದೇವರ ಹತ್ತಿರ ಇದ್ದರೆ ನಮ್ಮ ಬಾಗಿಲು ಸವರಿದ್ದು ಯಾರು, ಮೇಷ್ಟ್ರೇ?’

ಮೇಷ್ಟ್ರು ಬಾಗಿಲ ಕೆಳಗಿನ ಬಿಳಿಯ ಅಂಗೈಯ ಕಡೆ ನೋಡಿದರು.

‘ಯಾರೇ ಆಗಿರಲಿ ಅಂದಿದ್ದಿರಿ,’ ಎಂದಳು ಕರುಣಮ್ಮ. ‘ಬದುಕಿರೋರು ಮಾತ್ರ ಅಂತ ಆವತ್ತು ನೀವು ಹೇಳಲಿಲ್ಲ.’

ಉಳಿದಿದ್ದ ಕೆಲವೇ ಜನ ಮುಂದಿನ ಬೆಂಚುಗಳಲ್ಲಿ ಕೂತಿದ್ದರು. ಕರುಣಮ್ಮ ಹೊಸ್ತಿಲ ಮೇಲೆ ನಿಂತಳು. ಗಾಳಿಯಿರಲಿಲ್ಲ. ತಪಸಿ ಮರದ ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಾಡಿಲ್ಲದ ಊರು ಒಂದು ಕಡೆ, ಬೆಳ್ಳಗೆ ಹೊಳೆಯುವ ಗುಂಡಿ ಇನ್ನೊಂದು ಕಡೆ. ಅವಳು ಎಂದಿನಂತೆ ಗಟ್ಟಿಯಾಗಿ ಕೇಳಿದಳು: ‘ಇನ್ನೂ ಯಾರಾದರೂ ಇದ್ದೀರಾ?’

ಒಂದು ಉಸಿರು ಕಾದಳು.

‘ಇದ್ದೀನಿ,’ ಎಂದಿತು ಕೆಮ್ಮು ಕಟ್ಟಿದ ಒಂದು ಗಂಡು ದನಿ. ಅದು ತಬಿತಳದಲ್ಲ. ಒಳಗಿದ್ದವರೆಲ್ಲ ಕೇಳಿಸಿಕೊಂಡರು. ಹಿಂದೆಯೇ ಹೆಂಗಸಿನ ದನಿಯೊಂದು, ಮಗುವಿನದೊಂದು. ಕನ್ನಡದಲ್ಲಿ, ತೆಲುಗಿನಲ್ಲಿ, ಖಾದರ್ ಸಾಬಿ ಆಡುವಂಥ ಮಾತಿನಲ್ಲಿ, ಹಳ್ಳದ ದಿಕ್ಕಿನಿಂದ ದಿಣ್ಣೆಯ ಬುಡದವರೆಗೆ ‘ಇದ್ದೀವಿ, ಇದ್ದೀವಿ’ ಎಂದು ಓಗೊಡುತ್ತ ಬಂದವು. ಕಣ್ಣಿಗೆ ಏನೂ ಕಾಣಲಿಲ್ಲ. ಕರುಣಮ್ಮ ಬಾಗಿಲ ಅಂಚು ಹಿಡಿದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಸೆರಗಿಗೆ ತಣ್ಣಗೆ ಏನೋ ತಾಗಿ ಒಳಗೆ ಹೋಯಿತು. ಸುಣ್ಣದ ವಾಸನೆ ಬಂತು. ಹಿಂದಿನ ಬೆಂಚು ಕಿರ್ರೆಂದಿತು, ಯಾರೋ ಕೂತಾಗ ಅನ್ನುವ ಹಾಗೆ. ಮತ್ತೊಂದು ತಂಪು, ಮತ್ತೊಮ್ಮೆ ಬೆಂಚಿನ ಸದ್ದು. ಪ್ರತಿಯೊಂದಕ್ಕೂ ಅವಳು ‘ತಬಿತಾ?’ ಎಂದು ಕೇಳಿದಳು. ಯಾವುದೂ ನಿಲ್ಲಲಿಲ್ಲ.

ಹಿಂದಿನ ಬೆಂಚುಗಳು ಮುಗಿದು ನಡುವಿನವು ಕಿರುಗುಟ್ಟಿದವು. ಸದ್ದು ತನ್ನ ಬೆಂಚಿನವರೆಗೂ ಬಂದಾಗ ಭಾಗ್ಯನಾಥ ಬೆವರುತ್ತ ಗೋಡೆಗೆ ಒತ್ತಿಕೊಂಡು, ತಿರುಗಿ ನೋಡದೆ, ‘ಕೂತ್ಕೊಳ್ಳಿ, ಕೂತ್ಕೊಳ್ಳಿ. ಏ, ನೀವೆಲ್ಲ ಸ್ವಲ್ಪ ಸರೀರಿ,’ ಎಂದನಂತೆ. ಜೀವವಿದ್ದವರು ಸರಿದು ಜಾಗ ಮಾಡಿಕೊಟ್ಟರು.

ಬಿಸಿಲು ಇಳಿಯಿತು. ಬರುವವರ ಸಾಲು ಮುಗಿಯಲಿಲ್ಲ. ಕ್ಯಾಂಪಿನಲ್ಲಿ ಸತ್ತವರು ಅಷ್ಟು ಜನ ಇರಲಿಲ್ಲ. ಹಿಂದಿನ ಬರಗಾಲದಲ್ಲಿ ದಾರಿಯ ಮೇಲೆ ಬಿದ್ದವರು, ಪಲ್ಟನ್ನು ಎಲ್ಲೋ ಹೂತು ಮರೆತವರು, ಬಾಗಿಲಲ್ಲಿ ಯಾವತ್ತೋ ಯಾರಿಂದಲೋ ಬೇಡ ಅನ್ನಿಸಿಕೊಂಡವರೆಲ್ಲ ಆ ಒಂದು ಕರೆಗೆ ಎದ್ದು ಬಂದರು ಎನ್ನುತ್ತಾರೆ. ಕರುಣಮ್ಮನ ತೋಳು ಸೋತಿತು. ಬಾಗಿಲು ತನ್ನ ಭಾರಕ್ಕೆ ತಾನಾಗಿ ಮುಚ್ಚಿಕೊಳ್ಳಲು ನೋಡುತ್ತಿತ್ತು. ಕೊನೆಗೆ ಅವಳು ತಡೆಯಲಾರದೆ ದಿಣ್ಣೆಯ ಕೆಳಕ್ಕೆ ಕೂಗಿದಳು: ‘ತಬಿತಾ! ನೀನು ಇದ್ದೀಯೇನೇ?’

ಬಹಳ ದೂರದಿಂದ, ಸಾಲಿನ ತುದಿಯಿಂದ, ಉತ್ತರ ಬಂತು. ‘ಇದ್ದೀನಮ್ಮ. ಇವರೆಲ್ಲ ಮುಂದೆ ಹೋಗಲಿ.’

ಆಗ ಕರುಣಮ್ಮನಿಗೆ ಎಲ್ಲ ಅರ್ಥವಾಯಿತು. ಮೊದಲು ಇವರೆಲ್ಲರ ಪರವಾಗಿ ತಾನೇ ಬಂದು ಬಾಗಿಲು ಸವರಿ ನೋಡಿದವಳು, ಇನ್ನು ಕೊನೆಯವರು ಒಳಗೆ ಬರುವವರೆಗೆ ಒಳಗೆ ಬರುವವಳಲ್ಲ. ಬದುಕಿದ್ದಾಗಲೇ ಬ್ರೆಡ್ಡಿನ ತುಂಡಿಗೆ ಮುಂದೆ ಬಾರದವಳು. ಅವಳು ಬರಬೇಕಾದರೆ ಬಾಗಿಲು ತೆರೆದೇ ಇರಬೇಕು. ಎಲ್ಲಿಯವರೆಗೆ ಎಂದು ಹೇಳುವವರಿಲ್ಲ.

ಮಾಸಿಲಾಮಣಿ ಮೇಷ್ಟ್ರು ಎದ್ದು ಬಂದರು. ಗೋಡೆ ಹಿಡಿದುಕೊಂಡು, ಬರುವವರಿಗೆ ಅಡ್ಡವಾಗದ ಹಾಗೆ, ಬಾಗಿಲ ಮರೆಗೆ ನಿಂತರು. ‘ನಿನ್ನ ಕೈ ಎಷ್ಟು ದಿನ ತಡೆದೀತು, ಕರುಣಮ್ಮ,’ ಎಂದರು. ‘ಮುಚ್ಚಬಾರದು ಅಂದ ಮೇಲೆ ಬಾಗಿಲು ಯಾಕೆ ಬೇಕು? ಆ ದಾರಿಹೋಕ ಸತ್ತ ದಿನವೇ ಇದನ್ನು ತೆಗೆದು ಹಾಕಬೇಕಿತ್ತು ನಾನು. ಹಾಕೋಕೆ ಮುಂಚೆ ಕೇಳಿ ಅಂತ ನೇಮ ಮಾಡಿ, ಹಾಕೋದನ್ನ ಉಳಿಸಿಕೊಂಡೆ.’ ಆ ಮುದುಕರೇ ಕೀಲು ಬಡಿದು ಬಿಡಿಸಿದರು. ಭಾಗ್ಯನಾಥ ಹೆಗಲು ಕೊಟ್ಟ. ಬಾಗಿಲನ್ನು ಹೊತ್ತು ತಪಸಿ ಮರದ ಕೆಳಗೆ ಇಟ್ಟರು.

ಇನ್ನು ಮನೆಗೆ ಹೋಗಬೇಕಲ್ಲ! ಬಾಗಿಲಲ್ಲಿ ಬರುವವರಿಗೆ ಎದುರಾಗಿ ಹೊರಡಲು ಒಳಗುಳಿದ ಯಾರಿಗೂ ಧೈರ್ಯವಿಲ್ಲ. ಬಡಗಣ ಕಿಟಕಿಯ ಸರಳು ಕಿತ್ತು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಬಾಗಿಲು ಇಟ್ಟು ತಿರುಗಿ ಬಂದ ಭಾಗ್ಯನಾಥ ಇನ್ನೂ ಒಳಗಿದ್ದವರನ್ನು ಇಳಿಸಲು ನೆರವಾಗಲೆಂದು ಕಿಟಕಿಯಿಂದಲೇ ಒಳಗೆ ತೂರಲು ಹೋಗಿ ಸೊಂಟದ ಬಳಿ ಸಿಕ್ಕಿಕೊಂಡ. ಎಳೆದು ಬಿಡಿಸುವಾಗ ‘ಸತ್ತವರಿಗೆ ಬಾಗಿಲು, ಬದುಕಿದವರಿಗೆ ಕಿಟಕಿ, ಒಳ್ಳೆ ಸಭೆ ಇದು’ ಎಂದು ಗೊಣಗಿದನಂತೆ. ಆವತ್ತು ಎಲ್ಲರೂ ನಕ್ಕರು. ಆ ವರ್ಷದಲ್ಲಿ ಅವರು ನಕ್ಕದ್ದು ಅದೊಂದೇ ಸಲ ಎಂದು ಹೇಳುತ್ತಾರೆ. ಮುಂದೆ ಅದೇ ರೂಢಿಯಾಯಿತು: ಬಾಗಿಲಿನಿಂದ ಒಳಗೆ ಹೋಗುವುದು, ಕಿಟಕಿಯಿಂದ ಹೊರಗೆ ಬರುವುದು. ಆಮೇಲೆ ಯಾರೋ ಅಲ್ಲಿ ಮೆಟ್ಟಿಲು ಕಟ್ಟಿಸಿದರು.

ಪ್ಲೇಗು ಇಳಿಯಿತು. ಊರಿನವರು ತಿರುಗಿ ಬಂದು ಮನೆಗಳಿಗೆ ಹೆಂಚು ಹೊದಿಸಿಕೊಂಡರು. ಮೇಷ್ಟ್ರು ಕಾಲವಾದರು. ಭಾಗ್ಯನಾಥನೂ ಹೋದ. ಕರುಣಮ್ಮ ಮಾತ್ರ ತಪಸಿ ಮರದ ಕೆಳಗೆ ಆ ಬಾಗಿಲಿನ ಮೇಲೆಯೇ ಚಾಪೆ ಹಾಸಿಕೊಂಡು ಉಳಿದಳು. ಅಚ್ಚೊತ್ತಿದ್ದ ಅಂಗೈಯ ಮೇಲೆ ಎಂದೂ ಚಾಪೆ ಹಾಸಲಿಲ್ಲ. ಮಧ್ಯಾಹ್ನವಾಯಿತೆಂದರೆ ಹೊಸ್ತಿಲ ಮೇಲೆ ನಿಂತು ಕೇಳುವಳು, ‘ಇನ್ನೂ ಯಾರಾದರೂ ಇದ್ದೀರಾ?’ ಕೇಳಿ ಪಕ್ಕಕ್ಕೆ ಸರಿಯುವಳು. ಹೊಲದಲ್ಲಿ ಬುತ್ತಿ ಬಿಚ್ಚುವ ಹೆಂಗಸರಿಗೆ ಅದೇ ಹೊತ್ತಿನ ಗುರುತಾಯಿತು. ‘ಇದ್ದೀರಾ ಆಯ್ತು, ಉಣ್ಣೋಣ ಬನ್ನಿ’ ಎನ್ನುತ್ತಿದ್ದರು. ದಿಣ್ಣೆಗೆ ಆ ಹೆಸರು ಬಂದದ್ದು ಹೀಗೆ.

ಅವಳು ಸತ್ತ ದಿನದ ಮಾತನ್ನು ಕುರಿ ಕಾಯುವವರು ಇಂದಿಗೂ ಹೇಳುತ್ತಾರೆ. ಆ ಮಧ್ಯಾಹ್ನ ದಿಣ್ಣೆಯಿಂದ ಕೂಗು ಬರಲಿಲ್ಲ. ಹಳ್ಳದ ಬದಿಯಲ್ಲಿದ್ದ ಕುರುಬನೊಬ್ಬ ಯಾಕೋ ಏನೋ ಎಂದು ನೋಡಿಬರಲು ಹೊರಟ. ದಿಣ್ಣೆಯ ಬುಡದಲ್ಲಿ ಅವನಿಗೆ ಇಬ್ಬರು ಹೆಂಗಸರು ವಾದ ಮಾಡುವುದು ಕೇಳಿಸಿತು. ಸುತ್ತ ಯಾರೂ ಇಲ್ಲ.

‘ನೀನು ಮುಂದೆ ಹೋಗಮ್ಮ.’

‘ನಿನ್ನ ಒಳಗೆ ಬಿಡದೆ ನಾನು ಹೋಗೋಳಲ್ಲ. ನೀನು ಹೋಗೇ ಮುಂದೆ.’

‘ನಾನು ಕೊನೆಗೆ ಅಂತ ಹೇಳಿದ್ದೆ.’

‘ಹೇಳಿದ್ದೆಯಂತೆ! ನಿಮ್ಮಪ್ಪನ ನಾಲಿಗೆ.’

ಅವನು ಬಿದ್ದೆದ್ದು ಮೇಲಕ್ಕೆ ಓಡಿದ. ಕರುಣಮ್ಮ ಬಾಗಿಲ ಮೇಲೆ ಮಗ್ಗುಲಾಗಿ ಮಲಗಿದ್ದಳು. ಬೆಳಗಿನ ಜಾವವೇ ಜೀವ ಹೋಗಿ ಮೈ ತಣ್ಣಗಾಗಿತ್ತು. ಅಲ್ಲೇ ಮಣ್ಣು ಮಾಡಿದರು. ಅವಳು ಮೊದಲೇ ಹೇಳಿಟ್ಟಿದ್ದಂತೆ ಕಲ್ಲು ನಿಲ್ಲಿಸದೆ ಅದೇ ಬಾಗಿಲನ್ನು ಹೊರಮೈ ಮೇಲಾಗಿ ಗೋರಿಗೆ ಮುಚ್ಚಿದರು.

ಆಮೇಲೆ ಮಂದಿರಕ್ಕೆ ಹೊಸ ಬಾಗಿಲು ಕೂರಿಸಲು ಒಂದೆರಡು ಸಲ ಯಾರೋ ಪ್ರಯತ್ನಪಟ್ಟರು. ನಿಲ್ಲಲಿಲ್ಲ ಎಂದಷ್ಟೇ ಜನ ಹೇಳುತ್ತಾರೆ.

ಇಂದು ಹೋದವರಿಗೂ ಇದೆಲ್ಲ ಕಾಣುತ್ತದೆ. ಹೊಸ್ತಿಲ ಕಲ್ಲನ್ನು ಬಗ್ಗಿ ನೋಡಿದರೆ ಒಳಬದಿಯ ಅಂಚು ಹೊಳೆಯ ಕಲ್ಲಿನಂತೆ ನುಣ್ಣಗಾಗಿದೆ. ಹೊರಬದಿಯ ಅಂಚಿನಲ್ಲಿ ಉಳಿಯ ಗುರುತು ಇನ್ನೂ ಚೂಪಾಗಿದೆ, ಒಳಗೆ ಹೋದ ಕಾಲುಗಳು ಒಂದೂ ಹೊರಗೆ ಬಂದಿಲ್ಲ ಎನ್ನುವ ಹಾಗೆ. ತಪಸಿ ಮರದ ಕೆಳಗಿನ ಬಾಗಿಲು ಮಳೆಬಿಸಿಲಿಗೆ ಬೂದುಬಣ್ಣವಾಗಿದೆ, ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉದುರುತ್ತಿವೆ. ಅದರ ಕೆಳತುದಿಯಲ್ಲಿ ಒಂದು ಅಂಗೈ ಬೆಳ್ಳಗಿದೆ. ಮಗಳು ಒಳಗೆ ಬಂದ ದಿನ ಅದು ಅಳಿಸಿಹೋಗುತ್ತದೆ ಎಂಬುದು ಊರಿನವರ ನಂಬಿಕೆ. ಆದ್ದರಿಂದ ದಿಣ್ಣೆ ಹತ್ತಿದವರು ಮೊದಲು ಮರದ ಕೆಳಗೆ ಹೋಗಿ ಅದನ್ನು ನೋಡುತ್ತಾರೆ. ಇದೆ. ಆಮೇಲೆ ಹೊಸ್ತಿಲ ಮೇಲೆ ನಿಂತು ಕರುಣಮ್ಮನ ಮಾತನ್ನು ಒಮ್ಮೆ ಗಟ್ಟಿಯಾಗಿ ಕೇಳುತ್ತಾರೆ. ಒಂದು ಉಸಿರು ಕಾಯುತ್ತಾರೆ. ಕಾದು, ಇಬ್ಬರು ಜೊತೆಯಾಗಿ ಹೋಗಲು ಆಗುವಷ್ಟು ಜಾಗ ಬಿಟ್ಟು, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.